ಎಲ್ಲರೂ ಅನುಭವಸ್ಥರೇ, ಆದ್ರೂ ತುರ್ತು ತಂಡಕ್ಕೆ ನಿಯಮ ಬೇಕಾ?

ಪ್ರಶ್ನೆ: ನಮ್ಮ ಕಾರ್ಖಾನೆಯಲ್ಲಿ ಬೆಂಕಿ, ಗ್ಯಾಸ್ ಸೋರಿಕೆಯಂಥ ಸಂದರ್ಭಕ್ಕೆ ಅಂತ ಏಳು ಜನರ ತಂಡ ಮಾಡಿದ್ದಾರೆ. ಎಲ್ಲರೂ ಹಳಬರು. ಆದ್ರೂ ಮೊದಲೇ ಕೂತು ನಿಯಮ ಮಾಡ್ಕೋಬೇಕಾ?

ಉತ್ತರ: ಬೇಕು. ಹಳಬರೇ ತುಂಬಿರುವ ತಂಡಕ್ಕಂತೂ ಜಾಸ್ತಿ ಬೇಕು. ಬೆಂಕಿ ಆರಿಸುವುದು ಹೇಗೆ ಅಂತ ನಿಮ್ಮವರಿಗೆ ಗೊತ್ತಿರುತ್ತದೆ. ಆ ಗಡಿಬಿಡಿಯಲ್ಲಿ ಯಾರು ಯಾರ ಮಾತನ್ನು ತಡೆಯಬಹುದು ಅನ್ನುವುದು ಗೊತ್ತಿರುವುದಿಲ್ಲ.

1978ರ ಡಿಸೆಂಬರ್ 28. ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಇಳಿಯಬೇಕಿದ್ದ ಯುನೈಟೆಡ್ 173 ವಿಮಾನದ ಚಕ್ರಗಳನ್ನು ಬಿಡುವಾಗ ಧಡ್ ಅಂತ ಸದ್ದಾಯಿತು. ಚಕ್ರ ಸರಿಯಾಗಿ ಕೂತಿದೆ ಎಂದು ತೋರಿಸುವ ದೀಪ ಹತ್ತಲಿಲ್ಲ. ಕ್ಯಾಪ್ಟನ್ 27 ಸಾವಿರ ಗಂಟೆಗೂ ಹೆಚ್ಚು ವಿಮಾನ ಹಾರಿಸಿದವರು. ಸುಮಾರು ಒಂದು ಗಂಟೆ ಅಲ್ಲೇ ಸುತ್ತು ಹಾಕುತ್ತಾ ಚಕ್ರದ ಚಿಂತೆಯಲ್ಲೇ ಮುಳುಗಿಬಿಟ್ಟರು. ಇಂಧನ ಇಳಿಯುತ್ತಿರುವುದು ಜೊತೆಯವರಿಗೆ ಕಾಣುತ್ತಿತ್ತು. ಹೇಳಿದರು ಕೂಡ, ಆದರೆ ಗಟ್ಟಿಸಿ ಹೇಳಲಿಲ್ಲ. ಎಂಜಿನ್‌ಗಳು ನಿಂತುಹೋಗಿ ವಿಮಾನ ಬಡಾವಣೆಯೊಂದರಲ್ಲಿ ಬಿತ್ತು. 189 ಜನರಲ್ಲಿ 10 ಮಂದಿ ಸತ್ತರು. ಚಿಕ್ಕವರು ದೊಡ್ಡವರಿಗೆ ನೇರವಾಗಿ ಹೇಳುವುದನ್ನು ಪೈಲಟ್‌ಗಳಿಗೆ ಪಾಠದಂತೆ ಕಲಿಸಲು ಶುರುಮಾಡಿದ್ದು ಇದಾದ ಮೇಲೆಯೇ.

ನಮ್ಮಲ್ಲಿ ಇದು ಇನ್ನೂ ಕಷ್ಟ. ಮಾತು ಶುರುವಾಗುವುದೇ 'ಸರ್' ಅಂತ, ಅಲ್ವಾ? "ಸರ್, ನೀರು ಸ್ವಲ್ಪ ಕಮ್ಮಿ ಆಗ್ತಿದೆ ಅನ್ಸುತ್ತೆ" ಅಂದರೆ ಯಾರ ಕಿವಿಗೂ ಬೀಳುವುದಿಲ್ಲ. "ಟ್ಯಾಂಕ್‌ನಲ್ಲಿ ಹತ್ತು ನಿಮಿಷದ ನೀರಿದೆ, ಈಗಲೇ ಟ್ಯಾಂಕರ್ ಕರೆಸಿ" ಅನ್ನಬೇಕು. ಕೇಳಿಸಿಕೊಂಡವರು ಅದನ್ನೇ ತಿರುಗಿ ಹೇಳಬೇಕು: "ಹತ್ತು ನಿಮಿಷ, ಟ್ಯಾಂಕರ್ ಕರೆಸ್ತಿದೀನಿ." ನಿಮ್ಮ ಮೊದಲ ನಿಯಮ ಇದೇ ಇರಲಿ. ಸರ್ ಅನ್ನುವುದನ್ನು ಬಿಡಬೇಕಿಲ್ಲ, 'ಸ್ವಲ್ಪ', 'ಅನ್ಸುತ್ತೆ' ಬಿಟ್ಟರೆ ಸಾಕು.

ಇನ್ನೊಂದು, ಅಪ್ಪಣೆ ಕೊಡುವವರು ಒಬ್ಬರೇ ಇರಬೇಕು. 1970ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಭಾರೀ ಕಾಡ್ಗಿಚ್ಚು ಎದ್ದಾಗ ಬೇರೆ ಬೇರೆ ಇಲಾಖೆಯವರು ಬಂದರು. ಯಾರ ಮಾತು ಯಾರು ಕೇಳಬೇಕು ಅನ್ನುವುದೇ ಗೋಜಲಾಯಿತು. ಅಲ್ಲಿಂದ ಹುಟ್ಟಿದ ಪದ್ಧತಿಯ ಮಾದರಿಯಲ್ಲೇ ನಮ್ಮ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವೂ 2010ರಲ್ಲಿ ಮಾರ್ಗಸೂಚಿ ತಂದಿತು. ನಿಮಗೆ ಬೇಕಾದಷ್ಟು ಸಾರ ಇಷ್ಟು: ಆ ಹೊತ್ತಿನಲ್ಲಿ ಮುಖ್ಯಸ್ಥರು ಯಾರು ಅನ್ನುವುದು ಸಂಬಳದ ಮೇಲೆ ನಿಲ್ಲುವುದಿಲ್ಲ. ರಾತ್ರಿ ಪಾಳಿಯಲ್ಲಿ ಸೂಪರ್‌ವೈಸರ್ ಮುಖ್ಯಸ್ಥರಾಗಿದ್ದರೆ, ಮ್ಯಾನೇಜರ್ ಬಂದ ಮಾತ್ರಕ್ಕೆ ಅದು ತಾನಾಗಿ ಬದಲಾಗಬಾರದು. "ಇನ್ನು ಮೇಲೆ ಜವಾಬ್ದಾರಿ ನನ್ನದು" ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿ ವಹಿಸಿಕೊಳ್ಳಬೇಕು. ಇಲ್ಲದಿದ್ದರೆ ಇಬ್ಬರು ಎರಡು ಥರ ಹೇಳುತ್ತಾರೆ, ವಾಲ್ವ್ ಹತ್ತಿರ ನಿಂತವನು ಸುಮ್ನೆ ಮುಖ ನೋಡುತ್ತಾನೆ.

ಚಿಕ್ಕಪುಟ್ಟವೂ ಇವೆ. 112ಕ್ಕೆ ಫೋನ್ ಮಾಡಲು ಯಾರ ಅನುಮತಿಯೂ ಬೇಡ, ಸೆಕ್ಯೂರಿಟಿಯವರೂ ಮಾಡಬಹುದು. ಒಬ್ಬರು ಸಮಯ ಹಾಕಿ ಬರೆದುಕೊಳ್ಳುತ್ತಿರಬೇಕು. ಹೊರಗಿನವರ ಜೊತೆ ಒಬ್ಬರೇ ಮಾತಾಡಬೇಕು, ವಾಟ್ಸಾಪ್‌ಗೆ ವಿಡಿಯೋ ಹೋಗಬಾರದು. ತಪ್ಪು ಯಾರದು ಅನ್ನುವ ಮಾತು ಆವತ್ತು ಬೇಡ.

ಎಲ್ಲ ಒಂದೇ ಹಾಳೆಯಲ್ಲಿ ಮುಗಿಯಲಿ. ಆಮೇಲೆ ಒಂದು ಮಾಕ್ ಡ್ರಿಲ್ ಮಾಡಿ. ಮುಖ್ಯಸ್ಥರು ಬೇಕಂತಲೇ ಒಂದು ತಪ್ಪು ಅಪ್ಪಣೆ ಕೊಡಲಿ, ಉಳಿದವರಿಗೆ ಮುಂಚೆ ತಿಳಿಸಬೇಡಿ. ಯಾರಾದರೂ ತಡೆದರೆ ನಿಮ್ಮ ಹಾಳೆ ಕೆಲಸ ಮಾಡುತ್ತಿದೆ. ಎಲ್ಲರೂ "ಸರಿ ಸರ್" ಅಂದರೆ ಮುಂದಿನ ವಾರ ಮತ್ತೆ ಮಾಡಿ.