ಪ್ರೊಸೆಸರಿನ ವೇಗ ಅಳೆಯುವ ಪ್ರೋಗ್ರಾಂ ಬರೆಯುವುದು ಏಕೆ ಇಷ್ಟು ಕಷ್ಟ

2024ರ ಆರಂಭದಲ್ಲಿ, ಕಂಪ್ಯೂಟರುಗಳ ವೇಗ ಅಳೆಯುವ ಪ್ರೋಗ್ರಾಂಗಳನ್ನೂ ಅವುಗಳ ನಿಯಮಗಳನ್ನೂ ರೂಪಿಸುವ ಸ್ಪೆಕ್ ಸಂಸ್ಥೆ ತಾನೇ ಹಿಂದೆ ಪ್ರಕಟಿಸಿದ್ದ 2600ಕ್ಕೂ ಹೆಚ್ಚು ಫಲಿತಾಂಶಗಳು ತನ್ನ ನಿಯಮಗಳಿಗೆ ಹೊಂದುವುದಿಲ್ಲವೆಂದು ಸಾರಿತು. ಕಂಪ್ಯೂಟರ್ ಪ್ರೊಸೆಸರುಗಳ ಕಾರ್ಯಕ್ಷಮತೆಯನ್ನು ಅಳೆಯಲು ಜಗತ್ತಿನಾದ್ಯಂತ ಬಳಕೆಯಲ್ಲಿರುವ 'ಸಿಪಿಯು 2017' ಎಂಬ ಬೆಂಚ್‌ಮಾರ್ಕ್ ಗುಚ್ಛದ ಫಲಿತಾಂಶಗಳವು. ಅವುಗಳಲ್ಲಿ ಬಳಸಿದ್ದ ಇಂಟೆಲ್ ಕಂಪೈಲರಿನ (ಮನುಷ್ಯ ಬರೆದ ಕೋಡನ್ನು ಯಂತ್ರದ ಸೂಚನೆಗಳಾಗಿ ಮಾರ್ಪಡಿಸುವ ಪ್ರೋಗ್ರಾಮಿನ) ಕೆಲವು ಆವೃತ್ತಿಗಳು ಗುಚ್ಛದಲ್ಲಿರುವ 'ಜಲಾನ್' ಎಂಬ ಒಂದು ಪ್ರೋಗ್ರಾಮಿನ ಕೋಡ್ ಮತ್ತು ದತ್ತಾಂಶಗಳ ಬಗ್ಗೆ ಮೊದಲೇ ಇದ್ದ ತಿಳಿವಳಿಕೆಯನ್ನು ಉಪಯೋಗಿಸಿಕೊಂಡು ಅದನ್ನು ವೇಗಗೊಳಿಸುತ್ತಿದ್ದವು, ಆ ಮಾರ್ಪಾಡು ಬೇರೆ ಪ್ರೋಗ್ರಾಂಗಳಿಗೆ ಅಷ್ಟಾಗಿ ಉಪಯೋಗವಾಗುವಂಥದ್ದಲ್ಲ ಎಂಬುದು ಸ್ಪೆಕ್ ಕೊಟ್ಟ ಕಾರಣ. ಸುದ್ದಿ ಓದಿದ ಹಲವರಿಗೆ ಇದು ಹೊಸ ಬಗೆಯ ಅಕ್ರಮವೆಂದು ತೋರಿರಬಹುದು. ಆದರೆ ಎಲ್ಲ ಪ್ರೋಗ್ರಾಂಗಳಿಗೂ ನೆರವಾಗುವ ಸುಧಾರಣೆ ಯಾವುದು, ಅಳತೆಗೆ ಬಳಸುವ ಪ್ರೋಗ್ರಾಮಿಗೆ ಮಾತ್ರ ನೆರವಾಗುವ ಉಪಾಯ ಯಾವುದು ಎಂದು ಗೆರೆ ಎಳೆಯುವ ಕೆಲಸ ಬೆಂಚ್‌ಮಾರ್ಕುಗಳಷ್ಟೇ ಹಳೆಯದು. ಪ್ರತಿ ತಲೆಮಾರಿನಲ್ಲೂ ಆ ಗೆರೆಯನ್ನು ಹೊಸದಾಗಿ ಎಳೆಯಬೇಕಾಗಿ ಬಂದಿದೆ.

ಅಳತೆಗೆಂದೇ ಪ್ರೋಗ್ರಾಂ ಬರೆಯಬೇಕಾದ ಅಗತ್ಯವೇನು ಎಂಬುದನ್ನು ಮೊದಲು ನೋಡಬೇಕು. ಒಂದು ಪ್ರೋಗ್ರಾಂ ಓಡಿ ಮುಗಿಯಲು ಹಿಡಿಯುವ ಸಮಯವೆಂದರೆ ಮೂರು ಸಂಖ್ಯೆಗಳ ಗುಣಲಬ್ಧ: ಅದು ನಿರ್ವಹಿಸುವ ಸೂಚನೆಗಳ ಸಂಖ್ಯೆ, ಒಂದು ಸೂಚನೆಗೆ ಸರಾಸರಿ ತಗಲುವ ಗಡಿಯಾರದ ಮಿಡಿತಗಳು, ಮತ್ತು ಒಂದು ಮಿಡಿತದ ಅವಧಿ. ಜಾಹೀರಾತುಗಳಲ್ಲಿ ಎದ್ದು ಕಾಣುವ ಗಿಗಾಹರ್ಟ್ಸ್ ಸಂಖ್ಯೆ ಈ ಮೂರರಲ್ಲಿ ಕೊನೆಯದನ್ನು ಮಾತ್ರ ಹೇಳುತ್ತದೆ. ಮೊದಲನೆಯದು ಕಂಪೈಲರ್ ಮತ್ತು ಸೂಚನಾಸಮೂಹದ ಮೇಲೆ ನಿಂತಿದ್ದರೆ, ಎರಡನೆಯದು ಪ್ರೊಸೆಸರಿನ ಒಳರಚನೆ, ಅದರ ಪಕ್ಕದಲ್ಲೇ ಇರುವ ಪುಟ್ಟದಾದ ಆದರೆ ವೇಗದ ಕ್ಯಾಶ್ ಮೆಮೊರಿ ಮತ್ತು ಸ್ವತಃ ಪ್ರೋಗ್ರಾಮಿನ ಸ್ವಭಾವ ಇವೆಲ್ಲವನ್ನೂ ಅವಲಂಬಿಸಿದೆ. ಹೀಗಾಗಿ 'ಯಾವ ಪ್ರೋಗ್ರಾಂ' ಎಂದು ಹೇಳದೆ ಪ್ರೊಸೆಸರಿನ ವೇಗದ ಬಗ್ಗೆ ಮಾತನಾಡುವುದಕ್ಕೆ ಅರ್ಥವೇ ಇಲ್ಲ.

ಇದನ್ನು ಕ್ರಮಬದ್ಧವಾಗಿ ಎದುರಿಸಿದ ಮೊದಲಿಗರಲ್ಲಿ ಐಬಿಎಂನ ಜ್ಯಾಕ್ ಗಿಬ್ಸನ್ ಒಬ್ಬರು. 1959ರಲ್ಲಿ ಅವರು ನಿಜವಾದ ಪ್ರೋಗ್ರಾಂಗಳು ಯಾವ ಬಗೆಯ ಸೂಚನೆಗಳನ್ನು ಎಷ್ಟೆಷ್ಟು ಸಲ ಬಳಸುತ್ತವೆ ಎಂದು ಎಣಿಸಿ ಒಂದು ಪಟ್ಟಿ ಮಾಡಿದರು. ಮೆಮೊರಿಯಿಂದ ತರುವ ಮತ್ತು ಮೆಮೊರಿಯಲ್ಲಿ ಇಡುವ ಸೂಚನೆಗಳಿಗೆ ಶೇ. 31.2, ಕವಲು ಸೂಚನೆಗಳಿಗೆ ಶೇ. 16.6, ಪೂರ್ಣಾಂಕ ಭಾಗಾಕಾರಕ್ಕೆ ಕೇವಲ ಶೇ. 0.2 ಎಂಬಂತೆ ತೂಕಗಳನ್ನು ನಿಗದಿಪಡಿಸಿದ ಈ ಪಟ್ಟಿಗೆ 'ಗಿಬ್ಸನ್ ಮಿಶ್ರಣ' ಎಂಬ ಹೆಸರು ಬಂತು. ಒಂದು ಯಂತ್ರದಲ್ಲಿ ಪ್ರತಿ ಬಗೆಯ ಸೂಚನೆಗೆ ಹಿಡಿಯುವ ಸಮಯವನ್ನು ಆಯಾ ತೂಕದಿಂದ ಗುಣಿಸಿ ಕೂಡಿಸಿದರೆ ಸರಾಸರಿ ಸಮಯ ದೊರೆಯುತ್ತಿತ್ತು, ಪ್ರೋಗ್ರಾಂ ಓಡಿಸುವ ಅಗತ್ಯವೇ ಇರಲಿಲ್ಲ. ಒಂದೊಂದು ಸೂಚನೆಗೂ ನಿಗದಿತ ಸಮಯವಿದ್ದ ಆ ಕಾಲದ ಯಂತ್ರಗಳಿಗೆ ಈ ವಿಧಾನ ಸಾಕಾಗುತ್ತಿತ್ತು. ಕ್ಯಾಶ್ ಮೆಮೊರಿಯೂ ಒಂದರ ಬೆನ್ನಿಗೆ ಇನ್ನೊಂದು ಸೂಚನೆಯನ್ನು ನಡೆಸುವ ಪೈಪ್‌ಲೈನ್ ವ್ಯವಸ್ಥೆಯೂ ಬಂದ ಮೇಲೆ ಒಂದೇ ಸೂಚನೆಗೆ ಒಮ್ಮೆ ಒಂದು ಮಿಡಿತ, ಇನ್ನೊಮ್ಮೆ ಹತ್ತಾರು ಮಿಡಿತ ಹಿಡಿಯತೊಡಗಿದಾಗ ಅದರ ಆಧಾರವೇ ಕುಸಿಯಿತು.

ಸೆಕೆಂಡಿಗೆ ಎಷ್ಟು ದಶಲಕ್ಷ ಸೂಚನೆಗಳು ಎಂಬ 'ಮಿಪ್ಸ್' ಮಾನದ ಚರಿತ್ರೆ ಇನ್ನೂ ವಿಚಿತ್ರವಾದದ್ದು. 1977ರಲ್ಲಿ ಬಂದ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ವ್ಯಾಕ್ಸ್-11/780 ಯಂತ್ರವನ್ನು ಎಲ್ಲರೂ 'ಒಂದು ಮಿಪ್ಸ್ ಯಂತ್ರ' ಎಂದು ಕರೆಯುತ್ತಿದ್ದರು, ಏಕೆಂದರೆ ಅದು ಒಂದು ಮಿಪ್ಸ್ ಎಂದು ಪರಿಗಣಿತವಾಗಿದ್ದ ಐಬಿಎಂ ಯಂತ್ರವೊಂದಕ್ಕೆ ವೇಗದಲ್ಲಿ ಸರಿಸಮವಾಗಿತ್ತು. 1984ರಲ್ಲಿ ಜೋಯೆಲ್ ಎಮರ್ ಮತ್ತು ಡಗ್ಲಸ್ ಕ್ಲಾರ್ಕ್ ಆ ಯಂತ್ರಕ್ಕೆ ಅಳತೆಯ ಸಾಧನ ಜೋಡಿಸಿ ನೋಡಿದಾಗ ಒಂದು ಸೂಚನೆಗೆ ಸರಾಸರಿ ಸುಮಾರು 10.6 ಮಿಡಿತಗಳು ಹಿಡಿಯುತ್ತಿದ್ದದ್ದು ಗೊತ್ತಾಯಿತು. ಯಂತ್ರದ ಗಡಿಯಾರ 5 ಮೆಗಾಹರ್ಟ್ಸಿನದು, ಅಂದರೆ ಅದು ಸೆಕೆಂಡಿಗೆ ನಡೆಸುತ್ತಿದ್ದದ್ದು ಐದು ಲಕ್ಷಕ್ಕೂ ಕಡಿಮೆ ಸೂಚನೆಗಳನ್ನು. ಇಷ್ಟಾದರೂ ಹೋಲಿಕೆಯ ಮಾನದಂಡವಾಗಿ ವ್ಯಾಕ್ಸ್ ಇನ್ನೂ ಹಲವು ವರ್ಷ ಉಳಿಯಿತು.

ಸೂಚನೆಗಳನ್ನು ಎಣಿಸುವುದನ್ನು ಬಿಟ್ಟು, ನಿಜವಾದ ಪ್ರೋಗ್ರಾಂಗಳ ಸ್ವಭಾವವನ್ನೇ ಅನುಕರಿಸುವ ಒಂದು ಕೃತಕ ಪ್ರೋಗ್ರಾಂ ಬರೆಯೋಣ ಎಂಬ ಯೋಚನೆಗೆ ಬ್ರಿಟನ್ನಿನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿ ನೆಲೆಯಾಯಿತು. ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿ ಲೆಸ್ಟರ್‌ಶೈರಿನ ವೆಟ್‌ಸ್ಟೋನ್ ಎಂಬ ಊರಿನಲ್ಲಿ ತಯಾರಿಸಿದ್ದ ಆಲ್ಗಾಲ್ 60 ಕಂಪೈಲರ್ ಪ್ರೋಗ್ರಾಂಗಳನ್ನು ಒಂದು ನಡುಭಾಷೆಗೆ ಪರಿವರ್ತಿಸಿ, ಬಳಿಕ ಆ ನಡುಭಾಷೆಯ ಸೂಚನೆಗಳನ್ನು ಒಂದೊಂದಾಗಿ ನಡೆಸುತ್ತಿತ್ತು. ಹಾಗಾಗಿ ಯಾವ ಸೂಚನೆ ಎಷ್ಟು ಸಲ ನಡೆಯಿತೆಂದು ಎಣಿಸುವುದು ಸುಲಭವಿತ್ತು. ಬ್ರಯನ್ ವಿಚ್‌ಮನ್ ಕಲೆಹಾಕಿದ 949 ಪ್ರೋಗ್ರಾಂಗಳ ಅಂಕಿಅಂಶಗಳಿಗೆ ಹೊಂದುವಂತೆ, ಅದೇ ಪ್ರಮಾಣದಲ್ಲಿ ಅದೇ ಸೂಚನೆಗಳು ಹೊರಡುವಂತೆ, ಹೆರಾಲ್ಡ್ ಕರ್ನೋ ಒಂದು ಪುಟ್ಟ ಪ್ರೋಗ್ರಾಂ ಹೆಣೆದರು. 1972ರ ಈ ಪ್ರೋಗ್ರಾಂ, 1976ರಲ್ಲಿ ಇಬ್ಬರ ಹೆಸರಿನಲ್ಲಿ ಬಂದ ಪ್ರಬಂಧದ ಮೂಲಕ, 'ವೆಟ್‌ಸ್ಟೋನ್' ಎಂದು ಜಗತ್ತಿಗೆಲ್ಲ ಪರಿಚಯವಾಯಿತು. ಊರಿನ ಹೆಸರೊಂದು ಅಳತೆಯ ಮಾನವಾದದ್ದು ಹೀಗೆ. ಅದರ ದೋಷಗಳು ಕಾಣಿಸಿದ್ದು ಬಹಳ ಕಾಲದ ಮೇಲೆ. ಸಮಯದ ದೊಡ್ಡ ಪಾಲು ಸೈನ್, ಕೊಸೈನ್, ಲಾಗರಿದಂಗಳಂಥ ಗಣಿತ ಫಲನಗಳಲ್ಲಿ ಕಳೆಯುತ್ತಿದ್ದುದರಿಂದ ಅದು ಪ್ರೊಸೆಸರಿನಷ್ಟೇ ಗಣಿತ ಲೈಬ್ರರಿಯನ್ನೂ ಅಳೆಯುತ್ತಿತ್ತು. ಜೊತೆಗೆ ಇಡೀ ಪ್ರೋಗ್ರಾಂ ಕ್ಯಾಶ್ ಮೆಮೊರಿಯೊಳಗೇ ಹಿಡಿಸುತ್ತಿದ್ದುದರಿಂದ ಮುಖ್ಯ ಮೆಮೊರಿ ಎಷ್ಟು ನಿಧಾನವಾಗಿದ್ದರೂ ಅಂಕ ಕುಗ್ಗುತ್ತಿರಲಿಲ್ಲ.

ವೆಟ್‌ಸ್ಟೋನ್ ವೈಜ್ಞಾನಿಕ ಲೆಕ್ಕಾಚಾರಗಳ ಪ್ರತಿನಿಧಿ. ಆಪರೇಟಿಂಗ್ ಸಿಸ್ಟಮ್, ಕಂಪೈಲರ್, ಎಡಿಟರುಗಳಂಥ ಪ್ರೋಗ್ರಾಂಗಳಲ್ಲಿ ದಶಮಾಂಶದ ಲೆಕ್ಕ ಅಪರೂಪ. ಅವುಗಳನ್ನು ಪ್ರತಿನಿಧಿಸಲೆಂದು ರೈನ್‌ಹೋಲ್ಡ್ ವೈಕರ್ 1984ರಲ್ಲಿ ಅಡಾ ಭಾಷೆಯಲ್ಲಿ ಇನ್ನೊಂದು ಕೃತಕ ಪ್ರೋಗ್ರಾಂ ಬರೆದರು. ವೆಟ್‌ಸ್ಟೋನ್ ಎಂಬುದರ ಮೊದಲ ಭಾಗ ಇಂಗ್ಲಿಷಿನಲ್ಲಿ 'ಒದ್ದೆ' ಎಂದು ಕೇಳಿಸುವುದರಿಂದ ಇದಕ್ಕೆ 'ಒಣ' ಎಂದು ಧ್ವನಿಸುವ 'ಡ್ರೈಸ್ಟೋನ್' ಎಂಬ ಹೆಸರಿಟ್ಟರು. ಮೌಲ್ಯ ನಿಯೋಜನೆ, ಷರತ್ತು ಮತ್ತು ಸುತ್ತುಗಳು, ಕಾರ್ಯವಿಧಾನಗಳ ಕರೆ ಇವು ಯಾವ ಪ್ರಮಾಣದಲ್ಲಿರಬೇಕು, ಪ್ರತಿ ಕರೆಗೆ ಎಷ್ಟು ಮೌಲ್ಯಗಳನ್ನು ಕಳಿಸಬೇಕು ಎಂಬುದನ್ನೆಲ್ಲ ಅವರು ಪ್ರಕಟವಾಗಿದ್ದ ಅಧ್ಯಯನಗಳಿಂದ ಆಯ್ದುಕೊಂಡಿದ್ದರು. ಸಿ ಭಾಷೆಗೆ ಬಂದ ಮೇಲೆ ಡ್ರೈಸ್ಟೋನ್ ಎಲ್ಲೆಡೆ ಹರಡಿತು.

ತೊಡಕು ಎದುರಾದದ್ದೂ ಅಲ್ಲಿಯೇ. ಇಷ್ಟು ಎಚ್ಚರದಿಂದ ರೂಪಿಸಿದ ಪ್ರೋಗ್ರಾಂ ಯಾವ ಉಪಯುಕ್ತ ಕೆಲಸವನ್ನೂ ಮಾಡುವುದಿಲ್ಲ. ಲೆಕ್ಕ ಹಾಕಿದ ಮೌಲ್ಯವನ್ನು ಮುಂದೆ ಯಾರೂ ಬಳಸುತ್ತಿಲ್ಲವೆಂದು ಕಂಡುಕೊಳ್ಳಬಲ್ಲ ಕಂಪೈಲರ್ ಆ ಲೆಕ್ಕವನ್ನೇ ಕೈಬಿಡುತ್ತದೆ, ಮತ್ತು ಹಾಗೆ ಮಾಡುವುದು ಕಂಪೈಲರಿನ ಧರ್ಮವೇ ಹೊರತು ಮೋಸವಲ್ಲ. ಡ್ರೈಸ್ಟೋನಿನಲ್ಲಿ 30 ಅಕ್ಷರಗಳ ಸ್ಥಿರ ಪಠ್ಯವೊಂದನ್ನು ನಕಲು ಮಾಡುವ ಹೆಜ್ಜೆಯಿದೆ. ನಿಜವಾದ ಪ್ರೋಗ್ರಾಂಗಳಲ್ಲಿ ಪಠ್ಯದ ಉದ್ದ ಮೊದಲೇ ಗೊತ್ತಿರುವುದು ಕಡಿಮೆ. ಇಲ್ಲಿ ಅದು ಗೊತ್ತಿರುವುದರಿಂದ, ಕಂಪೈಲರ್ ಲೈಬ್ರರಿಯ ಫಲನವನ್ನು ಕರೆಯುವ ಬದಲು ನಾಲ್ಕೋ ಎಂಟೋ ಅಕ್ಷರಗಳ ಕಟ್ಟುಗಳನ್ನೇ ನೇರವಾಗಿ ಸಾಗಿಸಿ ಅಂಕವನ್ನು ಏರಿಸಬಹುದು. 1988ರಲ್ಲಿ ವೈಕರ್ ಎರಡನೆಯ ಆವೃತ್ತಿ ಹೊರತಂದು, ಫಲಿತಾಂಶಗಳನ್ನು ಕೊನೆಯಲ್ಲಿ ಮುದ್ರಿಸುವಂತೆ ಮಾಡಿ, ಕಡತಗಳನ್ನು ಬೇರೆಬೇರೆಯಾಗಿಯೇ ಕಂಪೈಲ್ ಮಾಡಬೇಕು, ಕಾರ್ಯವಿಧಾನಗಳನ್ನು ಒಂದರೊಳಗೊಂದು ಬೆಸೆಯಬಾರದು ಎಂಬ ನಿಯಮಗಳನ್ನು ವಿಧಿಸಿದರು. ನಿಯಮಗಳು ಕಾಗದದ ಮೇಲಿದ್ದವು, ಪಾಲಿಸಿದರೋ ಇಲ್ಲವೋ ಎಂದು ನೋಡುವವರಿರಲಿಲ್ಲ. ವ್ಯಾಕ್ಸ್-11/780 ಸೆಕೆಂಡಿಗೆ 1757 ಡ್ರೈಸ್ಟೋನ್ ಮಾಡುತ್ತಿತ್ತೆಂಬ ಕಾರಣಕ್ಕೆ ಯಾವುದೇ ಯಂತ್ರದ ಅಂಕವನ್ನು 1757ರಿಂದ ಭಾಗಿಸಿ 'ಡಿಮಿಪ್ಸ್' ಎಂದು ಬರೆಯುವ ರೂಢಿ ಸಣ್ಣ ಮೈಕ್ರೋಕಂಟ್ರೋಲರುಗಳ ಕೈಪಿಡಿಗಳಲ್ಲಿ ಇಂದಿಗೂ ಉಳಿದಿದೆ. ಕಂಪೈಲರಿನ ಹೆಸರೂ ಆವೃತ್ತಿಯೂ ಇಲ್ಲದ ಅಂಥ ಅಂಕದಿಂದ ಖರೀದಿಯ ತೀರ್ಮಾನ ಮಾಡುವುದು ತಪ್ಪೆಂದೇ ನನ್ನ ಖಚಿತ ಅಭಿಪ್ರಾಯ.

ಸಣ್ಣ ಮೈಕ್ರೋಕಂಟ್ರೋಲರುಗಳ ಇದೇ ಕ್ಷೇತ್ರಕ್ಕಾಗಿ ಇಇಎಂಬಿಸಿ ಸಂಘಟನೆ 2009ರಲ್ಲಿ ರೂಪಿಸಿದ 'ಕೋರ್‌ಮಾರ್ಕ್' ಈ ಪಾಠಗಳನ್ನೆಲ್ಲ ಗಮನದಲ್ಲಿಟ್ಟುಕೊಂಡಿತು. ಕೊಂಡಿಪಟ್ಟಿಯ ಹುಡುಕಾಟ ಮತ್ತು ವಿಂಗಡಣೆ, ಮಾತೃಕೆಗಳ ಗುಣಾಕಾರ, ಸ್ಥಿತಿಯಂತ್ರ ಇವು ಅದರ ಕೆಲಸಗಳು. ಆರಂಭದ ಬೀಜಮೌಲ್ಯಗಳನ್ನು ಕಂಪೈಲರಿಗೆ ತಿಳಿಯದಂತೆ ಓಡುವ ಸಮಯದಲ್ಲೇ ಒದಗಿಸಲಾಗುತ್ತದೆ, ಕೊನೆಯಲ್ಲಿ ಎಲ್ಲ ಫಲಿತಾಂಶಗಳನ್ನೂ ಒಂದು ತಾಳೆಮೊತ್ತಕ್ಕೆ ಸೇರಿಸಿ ಸರಿಯೇ ಎಂದು ಪರೀಕ್ಷಿಸಲಾಗುತ್ತದೆ. ಮುಂಚಿತವಾಗಿ ಲೆಕ್ಕ ಹಾಕುವುದಕ್ಕೂ ಆಗುವುದಿಲ್ಲ, ಲೆಕ್ಕವನ್ನು ಬಿಟ್ಟುಬಿಡುವುದಕ್ಕೂ ಆಗುವುದಿಲ್ಲ. ಆದರೂ ಅದು ಪುಟ್ಟ ಪ್ರೋಗ್ರಾಮೇ, ಮೆಮೊರಿಯ ವ್ಯವಸ್ಥೆಯ ಬಗ್ಗೆ ಏನನ್ನೂ ಹೇಳದು.

ಕೃತಕ ಪ್ರೋಗ್ರಾಮಿನ ಬದಲು ನಿಜವಾದ ಪ್ರೋಗ್ರಾಂಗಳ ತಿರುಳನ್ನಷ್ಟೇ ಎತ್ತಿಕೊಳ್ಳುವ ಇನ್ನೊಂದು ದಾರಿಯೂ ಇತ್ತು. ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ 24 ಸುತ್ತುಗಳು ಆ ಬಗೆಯವು. ಜ್ಯಾಕ್ ಡೊಂಗಾರಾ ಅವರ ಲಿನ್‌ಪ್ಯಾಕ್, ಏಕಕಾಲಿಕ ರೇಖೀಯ ಸಮೀಕರಣಗಳನ್ನು ಬಿಡಿಸುವ ಲೈಬ್ರರಿಯ ಕೈಪಿಡಿಯಲ್ಲಿ 1979ರಲ್ಲಿ ಅನುಬಂಧವಾಗಿ ಹುಟ್ಟಿ, 1993ರಿಂದ ಜಗತ್ತಿನ 500 ಅತಿವೇಗದ ಸೂಪರ್‌ಕಂಪ್ಯೂಟರುಗಳ ಪಟ್ಟಿಗೆ ಆಧಾರವಾಯಿತು.

1988ರಲ್ಲಿ ಅಪೊಲೊ, ಹ್ಯೂಲೆಟ್-ಪ್ಯಾಕರ್ಡ್, ಮಿಪ್ಸ್ (ಇಲ್ಲಿ ಇದು ಮಾನವಲ್ಲ, ಕಂಪನಿಯ ಹೆಸರು) ಮತ್ತು ಸನ್ ಕಂಪನಿಗಳು ಸೇರಿ ಸ್ಪೆಕ್ ಕಟ್ಟಿದಾಗ ಅವುಗಳ ನಿಲುವು ಸರಳವಾಗಿತ್ತು: ಅನುಕರಣೆ ಬೇಡ, ಜನ ನಿಜವಾಗಿ ಬಳಸುವ ದೊಡ್ಡ ಪ್ರೋಗ್ರಾಂಗಳನ್ನೇ ಮೂಲ ಕೋಡ್ ಸಮೇತ ಓಡಿಸೋಣ. ಪರಸ್ಪರ ಪೈಪೋಟಿಯಲ್ಲಿದ್ದ ಕಂಪನಿಗಳು ಒಂದೇ ಅಳತೆಗೋಲನ್ನು ಒಪ್ಪಿಕೊಂಡದ್ದು ಸಣ್ಣ ಸಾಧನೆಯೇನಲ್ಲ. 1989ರ ಮೊದಲ ಗುಚ್ಛದಲ್ಲಿ ಹತ್ತು ಪ್ರೋಗ್ರಾಂಗಳಿದ್ದವು. ಅವುಗಳಲ್ಲೊಂದಾದ 'ಮ್ಯಾಟ್ರಿಕ್ಸ್300' ಮುನ್ನೂರು ಸಾಲು, ಮುನ್ನೂರು ಕಂಬಗಳ ಮಾತೃಕೆಗಳನ್ನು ಗುಣಿಸುತ್ತಿತ್ತು, ಅದರ ಸಮಯದಲ್ಲಿ ಶೇ. 99ರಷ್ಟು ಕೋಡಿನ ಒಂದೇ ಒಂದು ಸಾಲಿನಲ್ಲಿ ಕಳೆಯುತ್ತಿತ್ತು. ಮಾತೃಕೆಯನ್ನು ಕ್ಯಾಶ್ ಮೆಮೊರಿಗೆ ಹಿಡಿಸುವ ತುಂಡುಗಳಾಗಿ ಒಡೆದು ಗುಣಿಸುವಂತೆ ಕಂಪೈಲರನ್ನು ಸುಧಾರಿಸಿದಾಗ ಐಬಿಎಂನ ಪವರ್‌ಸ್ಟೇಷನ್ 550ರಲ್ಲಿ ಈ ಒಂದು ಪ್ರೋಗ್ರಾಮಿನ ವೇಗ ಸುಮಾರು ಒಂಬತ್ತು ಪಟ್ಟು ಏರಿ, ಇಡೀ ಗುಚ್ಛದ ಅಂಕವನ್ನು ತನ್ನೊಡನೆ ಮೇಲಕ್ಕೆಳೆಯಿತು. ತುಂಡರಿಸಿ ಗುಣಿಸುವುದು ನಿಜಕ್ಕೂ ಒಳ್ಳೆಯ ತಂತ್ರ, ಮಾತೃಕೆಗಳೊಡನೆ ಕೆಲಸ ಮಾಡುವ ಎಲ್ಲರಿಗೂ ಬೇಕಾದದ್ದು. ತಪ್ಪಿದ್ದದ್ದು ಒಂದೇ ಸಾಲಿನ ಮೇಲೆ ಅಷ್ಟು ಭಾರ ಹೊರಿಸಿದ ಆಯ್ಕೆಯಲ್ಲಿ. 1992ರ ಗುಚ್ಛದಲ್ಲಿ ಮ್ಯಾಟ್ರಿಕ್ಸ್300ಕ್ಕೆ ಜಾಗವಿರಲಿಲ್ಲ.

ಆದರೆ ಅಂಥ ಬೆಳವಣಿಗೆ ನಿಲ್ಲಲಿಲ್ಲ. ಕ್ವಾಂಟಮ್ ಕಂಪ್ಯೂಟರನ್ನು ಅನುಕರಿಸುವ 'ಲಿಬ್‌ಕ್ವಾಂಟಮ್' ಎಂಬ 2006ರ ಗುಚ್ಛದ ಪ್ರೋಗ್ರಾಮನ್ನು ಕಂಪೈಲರುಗಳು ತಾವಾಗಿಯೇ ಹಲವು ಕೋರುಗಳಿಗೆ (ಒಂದೇ ಚಿಪ್ಪಿನೊಳಗಿನ ಪ್ರತ್ಯೇಕ ಪ್ರೊಸೆಸರುಗಳಿಗೆ) ಹಂಚತೊಡಗಿದಾಗ, ಒಂದು ಕೋರಿನ ವೇಗವನ್ನು ಹೇಳುತ್ತದೆಂದು ಜನ ಓದುತ್ತಿದ್ದ ಅಂಕ ಅರ್ಥ ಕಳೆದುಕೊಂಡಿತು. ಪ್ರೋಗ್ರಾಂಗಳನ್ನು ಬದಲಾಯಿಸುವುದರ ಜೊತೆಗೆ ಸ್ಪೆಕ್ ನಿಯಮಗಳನ್ನೂ ಬೆಳೆಸುತ್ತ ಬಂತು. ಒಂದು ಭಾಷೆಯ ಎಲ್ಲ ಪ್ರೋಗ್ರಾಂಗಳಿಗೂ ಒಂದೇ ಬಗೆಯ ಕಂಪೈಲರ್ ಆಯ್ಕೆಗಳನ್ನು ಬಳಸಿ ಪಡೆಯುವ 'ಬೇಸ್' ಅಂಕ ಕಡ್ಡಾಯ, ಒಂದೊಂದಕ್ಕೂ ಬೇರೆ ಆಯ್ಕೆ ಮಾಡಿಕೊಳ್ಳಬಹುದಾದ 'ಪೀಕ್' ಅಂಕ ಐಚ್ಛಿಕ. ಬಳಸಿದ ಆಯ್ಕೆಗಳು, ಮೆಮೊರಿ, ಆಪರೇಟಿಂಗ್ ಸಿಸ್ಟಮ್ ಎಲ್ಲವನ್ನೂ ಬಹಿರಂಗಪಡಿಸಬೇಕು. ಕಂಪೈಲರಿನ ಪ್ರತಿಯೊಂದು ತಂತ್ರವೂ ಒಂದು ಬೆಂಚ್‌ಮಾರ್ಕಿಗಿಂತ ದೊಡ್ಡದಾದ ಪ್ರೋಗ್ರಾಂ ವರ್ಗಕ್ಕೆ ಉಪಯೋಗವಾಗಬೇಕು. ಜಲಾನ್ ಪ್ರಕರಣ ಮುರಿದದ್ದು ಈ ಕೊನೆಯ ನಿಯಮವನ್ನು. ಮ್ಯಾಟ್ರಿಕ್ಸ್300ರ ತಂತ್ರಕ್ಕೂ ಇದಕ್ಕೂ ಇರುವ ಅಂತರ ಇದೇ ಎಂದು ನಾನು ತಿಳಿಯುತ್ತೇನೆ.

ಹತ್ತಾರು ಪ್ರೋಗ್ರಾಂಗಳ ಸಮಯಗಳನ್ನು ಒಂದೇ ಸಂಖ್ಯೆಗೆ ಇಳಿಸುವುದು ಹೇಗೆಂಬುದು ಬೇರೆಯೇ ವಿವಾದ. 'ಅ' ಯಂತ್ರ ಮೊದಲ ಪ್ರೋಗ್ರಾಮಿಗೆ 2 ಸೆಕೆಂಡ್, ಎರಡನೆಯದಕ್ಕೆ 40 ಸೆಕೆಂಡ್ ತೆಗೆದುಕೊಳ್ಳುತ್ತದೆ, 'ಆ' ಯಂತ್ರ 8 ಮತ್ತು 10 ಸೆಕೆಂಡ್ ತೆಗೆದುಕೊಳ್ಳುತ್ತದೆ ಎಂದುಕೊಳ್ಳೋಣ. 'ಅ'ವನ್ನು ಆಧಾರವಾಗಿಟ್ಟರೆ 'ಆ'ದ ಅನುಪಾತಗಳು 4 ಮತ್ತು 0.25, ಸರಾಸರಿ 2.125, ಅಂದರೆ 'ಆ' ಎರಡು ಪಟ್ಟಿಗಿಂತಲೂ ನಿಧಾನ. 'ಆ'ವನ್ನು ಆಧಾರವಾಗಿಟ್ಟರೆ 'ಅ'ದ ಸರಾಸರಿಯೂ ಅದೇ 2.125, ಈಗ 'ಅ' ನಿಧಾನ. ಈ ಅಸಂಬದ್ಧತೆಯನ್ನು ತೋರಿಸಿ, ಅನುಪಾತಗಳಿಗೆ ಗುಣೋತ್ತರ ಸರಾಸರಿಯೇ (ಕೂಡಿಸಿ ಭಾಗಿಸುವ ಬದಲು ಗುಣಿಸಿ ಮೂಲ ತೆಗೆಯುವ ಸರಾಸರಿ) ಸರಿ ಎಂದು ಫ್ಲೆಮಿಂಗ್ ಮತ್ತು ವಾಲೆಸ್ 1986ರಲ್ಲಿ ವಾದಿಸಿದರು. ಅದರಲ್ಲಿ ಆಧಾರ ಯಾವುದಾದರೂ ಉತ್ತರ ಒಂದೇ, ನಮ್ಮ ಉದಾಹರಣೆಯಲ್ಲಿ ಎರಡೂ ಯಂತ್ರಗಳು ಸಮ. ಸ್ಪೆಕ್ ಈ ಮಾರ್ಗವನ್ನೇ ಹಿಡಿಯಿತು. ಜೇಮ್ಸ್ ಸ್ಮಿತ್ 1988ರಲ್ಲಿ ಅದನ್ನು ಆಕ್ಷೇಪಿಸಿದರು: ಕೆಲಸ ಮುಗಿಯಲು ಹಿಡಿದ ಒಟ್ಟು ಸಮಯಕ್ಕೂ ಗುಣೋತ್ತರ ಸರಾಸರಿಗೂ ಸಂಬಂಧವಿಲ್ಲ. ನಮ್ಮ ಉದಾಹರಣೆಯಲ್ಲೇ 'ಅ' ಎರಡೂ ಕೆಲಸ ಮುಗಿಸಲು 42 ಸೆಕೆಂಡ್ ತೆಗೆದುಕೊಂಡರೆ 'ಆ' 18ರಲ್ಲಿ ಮುಗಿಸುತ್ತದೆ, ಇವೆರಡನ್ನು ಸಮವೆನ್ನುವುದು ಹೇಗೆ? ಸ್ಮಿತ್ ಅವರ ವಾದ ನನಗೆ ಹೆಚ್ಚು ಸರಿಯೆನಿಸುತ್ತದೆ. ಆದರೆ ಒಟ್ಟು ಸಮಯವನ್ನು ಲೆಕ್ಕಕ್ಕೆ ಹಿಡಿದರೆ ಅತಿ ದೀರ್ಘವಾದ ಪ್ರೋಗ್ರಾಮೇ ಅಂಕವನ್ನು ಆಳುತ್ತದೆ, ಯಾವ ಪ್ರೋಗ್ರಾಂ ಎಷ್ಟು ಹೊತ್ತು ಓಡಬೇಕೆಂಬುದು ಗುಚ್ಛ ರೂಪಿಸಿದವರ ಇಚ್ಛೆ. ಆ ತೂಕವನ್ನು ಬಳಕೆದಾರ ತನ್ನ ಕೆಲಸ ನೋಡಿಕೊಂಡು ತಾನೇ ನಿರ್ಧರಿಸಬೇಕು, ಸ್ಪೆಕ್ ಪ್ರತಿ ಪ್ರೋಗ್ರಾಮಿನ ಸಮಯವನ್ನೂ ಪ್ರತ್ಯೇಕವಾಗಿ ಪ್ರಕಟಿಸುವುದರಿಂದ ಅದು ಸಾಧ್ಯವೂ ಹೌದು.

ಪ್ರೋಗ್ರಾಂಗಳ ಆಯ್ಕೆಯೂ ಸರಾಸರಿಯೂ ಸರಿಯಾಗಿದ್ದು, ಯಾರೂ ಯಾವ ಉಪಾಯವನ್ನೂ ಹೂಡದಿದ್ದಾಗಲೂ ಅಳತೆ ದಾರಿ ತಪ್ಪಬಹುದೆಂದು ತೋರಿಸಿದವರು ಟಾಡ್ ಮಿಟ್ಕೋವಿಚ್ ಮತ್ತು ಸಂಗಡಿಗರು. 2009ರ ಅವರ ಪ್ರಬಂಧದ ಪ್ರಕಾರ, ಪ್ರೋಗ್ರಾಮಿಗೆ ಸಂಬಂಧವೇ ಇಲ್ಲದ ಪರಿಸರ ಚರಾಂಶಗಳ (ಆಪರೇಟಿಂಗ್ ಸಿಸ್ಟಮ್ ಪ್ರತಿ ಪ್ರೋಗ್ರಾಮಿಗೂ ಕೊಡುವ ಹೊಂದಿಕೆಗಳ ಪಟ್ಟಿಯ) ಗಾತ್ರ ಬದಲಾದರೆ, ಇಲ್ಲವೇ ಕಡತಗಳನ್ನು ಜೋಡಿಸುವ ಕ್ರಮ ಬದಲಾದರೆ, ದತ್ತಾಂಶವೂ ಕೋಡೂ ಮೆಮೊರಿಯಲ್ಲಿ ಕೂರುವ ಜಾಗ ಸ್ವಲ್ಪ ಸರಿದು, ಕಂಪೈಲರಿನ ಒಂದು ಸುಧಾರಣೆ ಲಾಭವೋ ನಷ್ಟವೋ ಎಂಬ ತೀರ್ಮಾನವೇ ತಿರುವುಮುರುವಾಗಬಹುದು. ಅವರು ಪರಿಶೀಲಿಸಿದ 133 ಸಂಶೋಧನಾ ಪ್ರಬಂಧಗಳಲ್ಲಿ ಒಂದೂ ಈ ಪಕ್ಷಪಾತವನ್ನು ತಕ್ಕಮಟ್ಟಿಗೆ ಗಣನೆಗೆ ತೆಗೆದುಕೊಂಡಿರಲಿಲ್ಲ. ಇದಕ್ಕೆ ಪರಿಹಾರವಾಗಿ ಚಾರ್ಲಿ ಕರ್ಟ್‌ಸಿಂಗರ್ ಮತ್ತು ಎಮರಿ ಬರ್ಗರ್ 2013ರಲ್ಲಿ 'ಸ್ಟೆಬಿಲೈಜರ್' ಎಂಬ ಸಾಧನ ರೂಪಿಸಿದರು. ಪ್ರೋಗ್ರಾಂ ಓಡುತ್ತಿರುವಾಗಲೇ ಕೋಡ್ ಮತ್ತು ದತ್ತಾಂಶಗಳ ಜಾಗಗಳನ್ನು ಅದು ಮತ್ತೆ ಮತ್ತೆ ಯಾದೃಚ್ಛಿಕವಾಗಿ ಬದಲಾಯಿಸುತ್ತದೆ. ಹಾಗೆ ಪಡೆದ ಅನೇಕ ಓಟಗಳ ಸಮಯಗಳ ಮೇಲೆ ಸಂಖ್ಯಾಶಾಸ್ತ್ರದ ಸಾಮಾನ್ಯ ಪರೀಕ್ಷೆಗಳನ್ನು ನಡೆಸಬಹುದು. ಅದನ್ನು 2006ರ ಸ್ಪೆಕ್ ಗುಚ್ಛದ ಮೇಲೆ ಪ್ರಯೋಗಿಸಿದಾಗ, ಎಲ್‌ಎಲ್‌ವಿಎಂ ಕಂಪೈಲರಿನ ಎರಡನೆಯ ಹಂತದ ಸುಧಾರಣೆಗಳ ಮೇಲೆ ಮೂರನೆಯ ಹಂತ ತರುತ್ತದೆನ್ನಲಾದ ಹೆಚ್ಚುವರಿ ವೇಗವನ್ನು, ಗುಚ್ಛವನ್ನು ಒಟ್ಟಾಗಿ ನೋಡಿದಾಗ, ಆಕಸ್ಮಿಕ ಏರಿಳಿತದಿಂದ ಬೇರ್ಪಡಿಸಲು ಸಾಧ್ಯವಾಗಲಿಲ್ಲ.