ಲೆನ್ಸ್ ಮೇಲೆ ಭಂಡಾರ ಕೂತರೆ ಮೊದಲು ಏನು ಮಾಡಬೇಕು?

ಪ್ರಶ್ನೆ: ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಫೋಟೊ ತೆಗೆದೆ. ಲೆನ್ಸ್ ತುಂಬ ಭಂಡಾರ (ಜಾತ್ರೆಯಲ್ಲಿ ಎರಚುವ ಅರಿಶಿನದ ಪುಡಿ) ಕೂತಿದೆ. ಹಸಿ ಬಟ್ಟೆಯಿಂದ ಒರೆಸಬಹುದೇ?

ಉತ್ತರ: ದಯವಿಟ್ಟು ಬೇಡ. ಒರೆಸುವುದು ಕೊನೆಯ ಕೆಲಸ. ಅರಿಶಿನದ ಪುಡಿ ಮೆತ್ತಗೇ ಇರುತ್ತದೆ, ಆದರೆ ಅದರ ಜೊತೆ ಜನರ ಕಾಲ್ತುಳಿತಕ್ಕೆ ಎದ್ದ ಮಣ್ಣೂ ಕೂತಿರುತ್ತದೆ. ಅದರಲ್ಲಿನ ಮರಳಿನ ಕಣ ಗಾಜಿಗಿಂತ ಗಡಸು. ಉಜ್ಜಿದರೆ ಲೆನ್ಸಿನ ಲೇಪನದ ಮೇಲೆ ಗೀರು ಬೀಳುತ್ತದೆ. ನೀರು ತಾಗಿದರಂತೂ ಪುಡಿ ಕಲಸಿ ಲೇಪವಾಗುತ್ತದೆ. ಬಾಯಿಯಿಂದ ಊದಿದರೂ ಎಂಜಲಿನ ಹನಿ ಬಿದ್ದು ಅದೇ ಗತಿ.

ಅದಕ್ಕಿಂತ ಮೊದಲಿನ ಎಚ್ಚರ ಒಂದಿದೆ: ಝೂಮ್ ರಿಂಗ್ ತಿರುಗಿಸಬೇಡಿ. ಉದ್ದವಾಗುವ ಲೆನ್ಸು ಪಂಪಿನಂತೆ ಗಾಳಿ ಎಳೆದುಕೊಳ್ಳುತ್ತದೆ, ಜೊತೆಗೆ ಭಂಡಾರವನ್ನೂ. ಒಳಗೆ ಹೋದದ್ದನ್ನು ತೆಗೆಯಲು ಬಿಚ್ಚಲೇಬೇಕು, ಅದು ಸರ್ವಿಸಿನವರ ಕೆಲಸ.

ಕ್ಯಾಮೆರಾ ಆಫ್ ಮಾಡಿ, ಲೆನ್ಸ್ ಬಿಚ್ಚದೆ ಮುಖ ಕೆಳಗೆ ಮಾಡಿ ಹಿಡಿಯಿರಿ. ರಬ್ಬರ್ ಬ್ಲೋವರ್ (ಒತ್ತಿದರೆ ಗಾಳಿ ಊದುವ ರಬ್ಬರ್ ಉಂಡೆ) ಅನ್ನು ಹತ್ತು-ಹದಿನೈದು ಸಲ ಒತ್ತಿ, ಮೊದಲು ರಿಂಗುಗಳ ಸಂದಿಗೆ, ಆಮೇಲೆ ಗಾಜಿಗೆ. ಉಳಿದ ಪುಡಿಯನ್ನು ಲೆನ್ಸಿಗೆಂದೇ ಇಟ್ಟ ಮೃದು ಬ್ರಷ್‌ನಿಂದ ಹಗುರವಾಗಿ ಸವರಿ, ಮತ್ತೆ ಬ್ಲೋವರ್‌ನಿಂದ ಊದಿ. ಡಬ್ಬಿಯಲ್ಲಿ ಬರುವ ಒತ್ತಿದ ಗಾಳಿ ಬೇಡ. ಅದರ ದ್ರವ ಗಾಜಿನ ಮೇಲೆ ಚಿಮ್ಮಿ ಕಲೆ ಉಳಿಸಬಹುದು.

ಇಷ್ಟಾದ ಮೇಲೂ ಹಳದಿ ಕಲೆ ಉಳಿಯಬಹುದು. ಅರಿಶಿನದ ಬಣ್ಣ ನೀರಿಗೆ ಬಿಡುವುದಿಲ್ಲ, ಆಲ್ಕೋಹಾಲಿಗೆ ಬಿಡುತ್ತದೆ. ಮೊಬೈಲ್ ರಿಪೇರಿಯವರು ಬಳಸುವ 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದೆರಡು ಹನಿ ಸಾಕು. ಹನಿಯನ್ನು ಲೆನ್ಸ್ ಟಿಶ್ಯೂ ಮೇಲೆ ಹಾಕಿ, ಗಾಜಿನ ಮೇಲಲ್ಲ. ಅಂಚಿನಿಂದ ಒಳಗೆ ಇಳಿಯಬಾರದು. ನಡುವಿನಿಂದ ಅಂಚಿಗೆ ಸುತ್ತುತ್ತಾ, ಭಾರ ಹಾಕದೆ ಒರೆಸಿ. ಒಂದು ಟಿಶ್ಯೂ ಒಂದೇ ಸಲ. ಸ್ಯಾನಿಟೈಸರ್ ಬಳಸಬೇಡಿ, ಅದರಲ್ಲಿನ ಗ್ಲಿಸರಿನ್ ಜಿಡ್ಡಾಗಿ ಉಳಿಯುತ್ತದೆ. ಅಂಗಿಯ ಚುಂಗೂ ಬೇಡ.

ಗಾಜಿನ ಮೇಲೆ ಒಂದೆರಡು ಚುಕ್ಕೆ ಉಳಿದರೆ ಬಿಟ್ಟುಬಿಡಿ. ಅವು ಫೋಟೊದಲ್ಲಿ ಸಾಮಾನ್ಯವಾಗಿ ಕಾಣುವುದೇ ಇಲ್ಲ, ಹೆಚ್ಚು ಉಜ್ಜಿದ ಗೀರೇ ಕಾಣುತ್ತದೆ.

ಮುಂದಿನ ಜಾತ್ರೆಗೆ ಲೆನ್ಸನ್ನು ಮನೆಯಲ್ಲೇ ಕೂಡಿಸಿಕೊಂಡು ಹೊರಡಿ, ಅಲ್ಲಿ ಬದಲಿಸಬೇಡಿ. ಯುವಿ ಫಿಲ್ಟರ್ (ಲೆನ್ಸಿನ ಮುಂದೆ ಕೂಡಿಸುವ ಪಾರದರ್ಶಕ ಗಾಜು), ಹುಡ್ (ಲೆನ್ಸಿನ ತುದಿಗೆ ಕೂಡಿಸುವ ಮರೆ) ಎರಡೂ ಇರಲಿ. ತೆಳು ಪ್ಲಾಸ್ಟಿಕ್ ಚೀಲಕ್ಕೆ ತೂತು ಮಾಡಿ ಕ್ಯಾಮೆರಾಕ್ಕೆ ಹೊದಿಸಿ, ತೂತಿನ ಅಂಚನ್ನು ಹುಡ್ಡಿಗೆ ರಬ್ಬರ್ ಬ್ಯಾಂಡಿನಿಂದ ಬಿಗಿದರೆ, ಭಂಡಾರ ಫಿಲ್ಟರಿನ ಮೇಲಷ್ಟೇ ಕೂರುತ್ತದೆ.