ಕತ್ತರಿಯ ಕೈಚಳಕ, ಕಪ್ಪು ಹಿನ್ನೆಲೆಯ ಮಾಯೆ

ಪ್ಯಾರಿಸ್ಸಿನ ಒಪೇರಾ ಚೌಕದಲ್ಲಿ ಚಿತ್ರೀಕರಿಸುವಾಗ ಕ್ಯಾಮೆರಾ ಕ್ಷಣಕಾಲ ಸಿಕ್ಕಿಕೊಂಡಿತೆಂದೂ, ತೆರೆಯ ಮೇಲೆ ನೋಡಿದರೆ ಕುದುರೆ ಬಸ್ಸು ಶವದ ಗಾಡಿಯಾಗಿ ಮಾರ್ಪಟ್ಟಿತ್ತೆಂದೂ ಆರಂಭಕಾಲದ ಫ್ರೆಂಚ್ ಚಿತ್ರನಿರ್ಮಾಪಕ ಜಾರ್ಜ್ ಮೆಲಿಯೆಸ್ ಮುಂದೊಮ್ಮೆ ಬರೆದುಕೊಂಡರು. ಕ್ಯಾಮೆರಾ ನಿಲ್ಲಿಸಿ ಒಂದರ ಜಾಗಕ್ಕೆ ಇನ್ನೊಂದನ್ನು ತರುವ ತಂತ್ರ ಹೀಗೆ ಆಕಸ್ಮಿಕವಾಗಿ ಹುಟ್ಟಿತೆಂಬ ಕಥೆ ಸೊಗಸಾಗಿದೆ, ಪೂರ್ತಿ ನಂಬಬೇಕಾಗಿಲ್ಲ. ಏಕೆಂದರೆ 1895ರಲ್ಲೇ ಎಡಿಸನ್ ಕಂಪನಿಯ ಕಿರುಚಿತ್ರವೊಂದರಲ್ಲಿ, ಪಾತ್ರಧಾರಿಯ ಜಾಗಕ್ಕೆ ಗೊಂಬೆಯನ್ನು ತಂದಿಟ್ಟು, ಸ್ಕಾಟ್ಲೆಂಡಿನ ರಾಣಿ ಮೇರಿಯ ಶಿರಚ್ಛೇದವನ್ನು ತೋರಿಸಲಾಗಿತ್ತು.

ಮೆಲಿಯೆಸ್ ಮೂಲತಃ ಜಾದೂಗಾರ. 1888ರಿಂದ ಪ್ಯಾರಿಸ್ಸಿನಲ್ಲಿ ಸ್ವಂತದ ಜಾದೂ ರಂಗಮಂದಿರವನ್ನು ನಡೆಸುತ್ತಿದ್ದವರು. 1896ರಲ್ಲಿ ಅವರು ತೆಗೆದ ಒಂದು ಚಿಕ್ಕ ಚಿತ್ರದಲ್ಲಿ, ನೆಲದಲ್ಲಿ ಕಳ್ಳಬಾಗಿಲಿಲ್ಲವೆಂದು ತೋರಿಸಲು ಮೊದಲು ವೃತ್ತಪತ್ರಿಕೆಯನ್ನು ಹಾಸುತ್ತಾರೆ. ಅದರ ಮೇಲೆ ಕುರ್ಚಿಯಿಟ್ಟು, ಮಹಿಳೆಯನ್ನು ಕೂರಿಸಿ, ಬಟ್ಟೆ ಹೊದಿಸಿ ತೆಗೆದರೆ ಆಕೆ ಮಾಯ! ರಂಗದ ಮೇಲೆ ಕಳ್ಳಬಾಗಿಲು ಮಾಡುತ್ತಿದ್ದ ಕೆಲಸ ಇಲ್ಲಿ ಕ್ಯಾಮೆರಾದ ಪಾಲಾಗಿತ್ತು.

ಆದರೆ ಕ್ಯಾಮೆರಾ ನಿಲ್ಲಿಸಿದರಷ್ಟೇ ಸಾಲದು. ಆಗಿನ ಕ್ಯಾಮೆರಾದ ಹಿಡಿಕೆಯನ್ನು ಕೈಯಿಂದ ತಿರುಗಿಸಬೇಕಿತ್ತು. ನಿಲ್ಲಿಸುವಾಗಲೂ ಮತ್ತೆ ಆರಂಭಿಸುವಾಗಲೂ ವೇಗ ತಗ್ಗಿ, ಆಗ ಮೂಡುವ ಚೌಕಟ್ಟುಗಳ (ಫಿಲಂನ ಬಿಡಿಚಿತ್ರಗಳ) ಮೇಲೆ ಹೆಚ್ಚು ಹೊತ್ತು ಬೆಳಕು ಬಿದ್ದು ಚಿತ್ರ ಬೆಳ್ಳಗಾಗುತ್ತಿತ್ತು. ಅವನ್ನು ಕತ್ತರಿಸಿ ತೆಗೆದು, ಚಲನೆ ಮುರಿಯದಂತೆ ಎರಡೂ ತುದಿಗಳನ್ನು ಅಂಟಿಸಬೇಕು. ಮೆಲಿಯೆಸ್ ಚಿತ್ರಗಳ ಉಳಿದ ಪ್ರತಿಗಳನ್ನು ಪರೀಕ್ಷಿಸಿದವರಿಗೆ ಮಾಯವಾಗುವ ಜಾಗಗಳಲ್ಲಿ ಈ ಅಂಟಿನ ಗುರುತುಗಳು ಕಂಡಿವೆ. ಹಾಗಾಗಿ ಚಿತ್ರಸಂಕಲನದ ಚರಿತ್ರೆಯಲ್ಲಿ ಅವರಿಗೆ ಈಗ ಕೊಡುತ್ತಿರುವುದಕ್ಕಿಂತ ಹೆಚ್ಚಿನ ಜಾಗ ಸಲ್ಲಬೇಕೆಂದು ನನಗನ್ನಿಸುತ್ತದೆ.

ಇನ್ನೊಂದು ತಂತ್ರ ರಸಾಯನಶಾಸ್ತ್ರಕ್ಕೆ ಸೇರಿದ್ದು. ಫಿಲಂ ಮೇಲಿನ ಬೆಳ್ಳಿಯ ಲವಣದ ಹರಳುಗಳು ಬೆಳಕು ತಗುಲಿದಲ್ಲಿ ಮಾತ್ರ ಬದಲಾಗುತ್ತವೆ. ಕಪ್ಪು ಹಿನ್ನೆಲೆಯಿಂದ ಬೆಳಕು ಬಾರದ ಕಾರಣ ಫಿಲಂನ ಆ ಭಾಗ ಹೊಸದರಂತೆಯೇ ಉಳಿಯುತ್ತದೆ. ಫಿಲಂ ಅನ್ನು ಹಿಂದಕ್ಕೆ ಸುತ್ತಿ, ಅಲ್ಲಿ ಬೇರೊಂದು ಚಿತ್ರವನ್ನು ಮೂಡಿಸಬಹುದು. 1901ರ ಚಿತ್ರವೊಂದರಲ್ಲಿ ಮೆಲಿಯೆಸ್ ತಮ್ಮದೇ ತಲೆಯನ್ನು ಮೇಜಿನ ಮೇಲಿಟ್ಟು, ಕೊಳವೆಯಿಂದ ಗಾಳಿ ಊದಿ ಉಬ್ಬಿಸುತ್ತಾರೆ. ಉಬ್ಬುವ ತಲೆಯನ್ನು ಸೆರೆಹಿಡಿಯಲು, ಕುತ್ತಿಗೆಯ ಕೆಳಗೆಲ್ಲ ಕಪ್ಪು ಬಟ್ಟೆಯಿಂದ ಮರೆಮಾಡಿಕೊಂಡು ಗಾಲಿಯ ಆಸನದಲ್ಲಿ ಕುಳಿತ ಅವರನ್ನು ಕ್ಯಾಮೆರಾದತ್ತ ಎಳೆಯಲಾಯಿತು. ದೂರ ಅರ್ಧವಾದರೆ ಬಿಂಬ ಇಮ್ಮಡಿಯಾಗುತ್ತದೆ. ನೆಲ ಸಮತಟ್ಟಾಗಿದ್ದರೆ ಹತ್ತಿರ ಬಂದಂತೆಲ್ಲ ಕುತ್ತಿಗೆ ಚೌಕಟ್ಟಿನಲ್ಲಿ ಕೆಳಕ್ಕೆ ಜಾರಿ ಮೇಜಿನೊಳಗೆ ಇಳಿದಂತೆ ಕಾಣುತ್ತಿತ್ತು. ಅದಕ್ಕೆಂದೇ ಆಸನ ಏರುದಾರಿಯ ಮೇಲೆ ಬಂತು.

1900ರ ವಾದ್ಯಗೋಷ್ಠಿಯ ಚಿತ್ರದಲ್ಲಂತೂ ಏಳು ಮಂದಿ ಮೆಲಿಯೆಸ್‌ಗಳು ಒಟ್ಟಿಗೆ ಕುಳಿತು ನುಡಿಸುತ್ತಾರೆ. ಅಂದರೆ ಅದೇ ಫಿಲಂ ಏಳು ಸಲ ಕ್ಯಾಮೆರಾದೊಳಗೆ ಹಾಯಬೇಕು, ಪ್ರತಿ ಸಲವೂ ಅಂಚಿನ ರಂಧ್ರಗಳು ಅದೇ ಜಾಗದಲ್ಲಿ ಕೂರಬೇಕು. ಫಿಲಂ ತೊಳೆಯುವವರೆಗೆ ಏನು ಮೂಡಿದೆಯೆಂದು ತಿಳಿಯುವ ದಾರಿಯಿರಲಿಲ್ಲ. ಏಳನೆಯ ಸಲ ಎಡವಿದರೆ ಹಿಂದಿನ ಆರೂ ವ್ಯರ್ಥ.